ನೀರಿಗೆ ಹೆಪ್ಪು ಹಾಕಿದ ಕತೆ

ಮೀನು ಸಾಕೋದು ಬಹಳ ಸುಲಭ ಅಂತ ಹೇಳುವವರು ಇಬ್ಬರೇ. ಒಬ್ಬ ಮೀನು ಮಾರುವವನು, ಇನ್ನೊಬ್ಬ ಇನ್ನೂ ಮೀನು ತರದೇ ಇರುವವನು :-)

ತಮಾಷೆ ಇರ್ಲಿ. ನಿಮ್ಮ ಗುರುತಿನವರ ಮನೆಗಳನ್ನೇ ಒಮ್ಮೆ ನೆನಪು ಮಾಡಿಕೊಳ್ಳಿ. ಹುಟ್ಟುಹಬ್ಬಕ್ಕೆ ತಂದ ಗುಂಡನೆಯ ಗಾಜಿನ ಬೋಗುಣಿ, ಅದರೊಳಗೆ ಎರಡೋ ನಾಲ್ಕೋ ಗೋಲ್ಡ್‌ಫಿಶ್, ತಳದಲ್ಲಿ ನೀಲಿ-ಗುಲಾಬಿ ಬಣ್ಣದ ಕಲ್ಲು, ಜೊತೆಗೊಂದು ಪ್ಲಾಸ್ಟಿಕ್ ಗಿಡ. ಮೊದಲ ದಿನ ಮನೆಮಂದಿಯೆಲ್ಲ ಸುತ್ತ ಕೂತು ನೋಡಿದ್ದೇ ನೋಡಿದ್ದು. ಎರಡನೇ ದಿನ ನೀರು ಹಾಲು ಬೆರೆಸಿದ ಹಾಗೆ ಮಬ್ಬು. ನಾಲ್ಕನೇ ದಿನ ಒಂದು ಮೀನು ಮೇಲೆ ತೇಲುತ್ತದೆ. ಹತ್ತನೇ ದಿನಕ್ಕೆ ಬೋಗುಣಿ ತೊಳೆದು ಅಟ್ಟಕ್ಕೆ!

ನಮ್ಮ ಎದುರು ಫ್ಲ್ಯಾಟಿನಲ್ಲೂ ಹೀಗೇ ಆಯ್ತು. ಅಳುತ್ತಿದ್ದ ಹುಡುಗನಿಗೆ ಅವನ ಅಪ್ಪ ಸಮಾಧಾನ ಮಾಡುತ್ತಿದ್ದರು, "ಮೀನು ಅಂದ್ರೆ ಅಷ್ಟೇ ಕಣೋ, ಸಾಯ್ತಾವೆ. ಭಾನುವಾರ ಬೇರೆ ತರೋಣ". ಪಾಪ, ಒಳ್ಳೆಯ ಮನುಷ್ಯರು. ಅಂಗಡಿಯವನು ಅವರಿಗೆ ಹೇಳಿ ಕಳಿಸಿದ್ದೂ ಅಷ್ಟೇ. ಆದರೆ ಆ 'ಬೇರೆ ತರೋಣ' ಅನ್ನೋ ಮಾತು ನನಗೆ ಎಲ್ಲೋ ಚುಚ್ಚಿತು. ಬಾಗಿಲಲ್ಲಿ ನಿಂತು ಕೇಳಿಸಿಕೊಂಡ ನನ್ನ ಮಗಳಿಗೂ ಚುಚ್ಚಿರಬೇಕು. ರಾತ್ರಿ ಊಟಕ್ಕೆ ಕೂತಾಗ, "ಅಮ್ಮಾ, ನಮಗೂ ಮೀನು ಬೇಕು. ಆದ್ರೆ ನಮ್ಮದು ಸಾಯಬಾರ್ದು" ಅಂದಳು.

ಇದು 2024ರ ಮಳೆಗಾಲದ ಮಾತು. ಆಗ ಅಮ್ಮ ಮಂಡಿನೋವಿನ ಔಷಧಿಗೆ ಅಂತ ಕೊಪ್ಪದಿಂದ ಬಂದು ನಮ್ಮ ಜೊತೆಗೇ ಇದ್ದಳು. ಮೊಮ್ಮಗಳ ಬೇಡಿಕೆ ಕೇಳಿದ್ದೇ ತಡ, "ಎಂಥಕ್ಕೆ ಮಾರಾಯ್ತಿ ಅದು? ಬಾಯಿಲ್ಲದ ಜೀವ. ಶೃಂಗೇರಿ ಹೊಳೇಲಿ ನೋಡಿದ್ದೀಯಲ್ಲ, ಅದು ಮೀನು. ಗಾಜಿನೊಳಗೆ ಕೂಡಿ ಹಾಕಿದ್ರೆ ಅದೆಂಥ ಮೀನು?" ಅಂದಳು. ತುಂಗೆಯ ಮೆಟ್ಟಿಲ ಮೇಲೆ ಕೂತು ಮಂಡಕ್ಕಿ ಎರಚಿ, ಮೊಣಕೈ ಉದ್ದದ ಮೀನುಗಳು ಮುಗಿಬೀಳೋದನ್ನ ನೋಡಿ ಬೆಳೆದವಳಿಗೆ ಇನ್ನೇನು ಅನ್ನಿಸಬೇಕು ಹೇಳಿ? ಸಾಲದ್ದಕ್ಕೆ ಇನ್ನೊಂದು ಬಾಣ ಬಿಟ್ಟಳು: "ಈ ಬೇಸಿಗೇಲಿ ನಿಮ್ಮೂರಲ್ಲಿ ಜನ ಕೊಡ ಹಿಡ್ಕೊಂಡು ಟ್ಯಾಂಕರ್ ಹಿಂದೆ ಓಡ್ತಿದ್ರಂತೆ. ನೀನು ಮೀನಿಗೆ ನೂರು ಲೀಟರ್ ನೀರು ಕೊಡ್ತೀಯಾ?"

ಎರಡೂ ಪ್ರಶ್ನೆಗೆ ಆಗ ನನ್ನ ಹತ್ತಿರ ಉತ್ತರ ಇರಲಿಲ್ಲ. ಆದರೆ ಓದೋಕೆ ಶುರು ಮಾಡಿದೆ. ಓದಿದಷ್ಟೂ ಒಂದು ವಿಷಯ ಖಾತ್ರಿಯಾಯ್ತು. ನಾವು ಸಾಕುವುದು ಮೀನನ್ನಲ್ಲ, ನೀರನ್ನ. ನೀರು ಸರಿಯಾಗಿದ್ದರೆ ಮೀನು ತನ್ನ ಪಾಡಿಗೆ ತಾನು ಬದುಕುತ್ತದೆ.

ನೀರನ್ನ ಸಾಕೋದು ಅಂದ್ರೇನು? ಹೇಳ್ತೀನಿ ಕೇಳಿ.

ಮೀನು ಉಸಿರಾಡುವಾಗಲೂ ಹೇತಾಗಲೂ ಅಮೋನಿಯ ಹೊರಗೆ ಹಾಕುತ್ತದೆ. ಹೊಳೆಯಲ್ಲಾದರೆ ಅದು ಹರಿದು ಹೋಗುತ್ತದೆ. ಬೋಗುಣಿಯಲ್ಲಿ ಎಲ್ಲಿಗೆ ಹೋಗಬೇಕು? ಮೀನು ತನ್ನದೇ ವಿಷದಲ್ಲಿ ಈಜುತ್ತಿರುತ್ತದೆ, ಕಿವಿರು ಸುಡುತ್ತದೆ. ಎದುರು ಮನೆಯ ಮೀನುಗಳಿಗೆ ಆಗಿದ್ದು ಇದೇ. ಅದಕ್ಕೆ ಮದ್ದು ಪ್ರಕೃತಿಯಲ್ಲೇ ಇದೆ. ನೈಟ್ರೊಸೊಮೊನಾಸ್ ಜಾತಿಯ ಬ್ಯಾಕ್ಟೀರಿಯಾಗಳು ಅಮೋನಿಯವನ್ನ ನೈಟ್ರೈಟ್ ಮಾಡುತ್ತವೆ. ಅದೂ ವಿಷವೇ. ಆಮೇಲೆ ನೈಟ್ರೊಸ್ಪೈರಾದಂಥ ಇನ್ನೊಂದು ಗುಂಪು ಆ ನೈಟ್ರೈಟನ್ನ ನೈಟ್ರೇಟ್ ಮಾಡುತ್ತದೆ. ಇದು ಮಿತಿಯಲ್ಲಿದ್ದರೆ ಮೀನಿಗೆ ತೊಂದರೆಯಿಲ್ಲ, ಗಿಡಗಳಿಗಂತೂ ಗೊಬ್ಬರ! ಈ ಬ್ಯಾಕ್ಟೀರಿಯಾಗಳು ಫಿಲ್ಟರಿನ ಸ್ಪಂಜಿನಲ್ಲಿ, ಮರಳಿನಲ್ಲಿ, ಎಲೆಗಳ ಮೇಲೆ ಮನೆ ಮಾಡಿಕೊಳ್ಳಬೇಕು. ಅದಕ್ಕೆ ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಮೀನಂಗಡಿಯಲ್ಲಿ ಯಾರೂ ಹೇಳದ ಗುಟ್ಟು ಇದೊಂದೇ. ಯಾಕಂದ್ರೆ ಆರು ವಾರ ಕಾಯುವ ಗಿರಾಕಿಗೆ ಇವತ್ತೇ ಮೀನು ಮಾರೋಕಾಗಲ್ಲವಲ್ಲ.

ಮೂರಡಿ ಉದ್ದ, ಒಂದಡಿ ಅಗಲ, ಒಂದೂವರೆ ಅಡಿ ಎತ್ತರದ ತೊಟ್ಟಿ ಮಾಡಿಸಿದೆವು. ಲೆಕ್ಕಕ್ಕೆ 127 ಲೀಟರ್. ಮಣ್ಣು, ಕಲ್ಲು ಹಾಕಿದ ಮೇಲೆ ಹಿಡಿಯುವುದು ನೂರು ಚಿಲ್ಲರೆ. ದೊಡ್ಡದಾಯ್ತು ಅಂತ ನಮ್ಮೆಜಮಾನರು ಗೊಣಗಿದರು. ಆದರೆ ತೊಟ್ಟಿ ಸಣ್ಣದಾದಷ್ಟೂ ಕಷ್ಟ ಜಾಸ್ತಿ. ಒಂದು ಲೋಟ ನೀರಿಗೆ ಒಂದು ಚಿಟಿಕೆ ಉಪ್ಪು ಬಿದ್ದರೂ ಗೊತ್ತಾಗುತ್ತೆ, ಹಂಡೆಗೆ ಬಿದ್ದರೆ ಗೊತ್ತಾಗುತ್ತಾ? ಹಾಗೆ. ನೀರು, ಗಾಜು, ಮಣ್ಣು ಎಲ್ಲ ಸೇರಿ 150 ಕಿಲೋ ದಾಟುತ್ತದೆ, ಅಂದರೆ ಮೂರು ಅಕ್ಕಿ ಮೂಟೆಯ ಭಾರ. ಟೀವಿ ಸ್ಟ್ಯಾಂಡಿನ ಮೇಲೆಲ್ಲ ಇಡೋ ಹಾಗಿಲ್ಲ. ಕಬ್ಬಿಣದ ಸ್ಟ್ಯಾಂಡು ಮಾಡಿಸಿ, ಗಾಜಿನ ಅಡಿಗೆ ಥರ್ಮಾಕೋಲ್ ಹಾಸಿ, ಬಿಸಿಲು ನೇರ ಬೀಳದ ಗೋಡೆಗೆ ಇಟ್ಟೆವು. ಬಿಸಿಲು ಬಿದ್ದರೆ ಪಾಚಿಗೆ ಹಬ್ಬ.

ತಳಕ್ಕೆ ಏನು ಹಾಕೋದು? ಡಯಾನಾ ವಾಲ್‌ಸ್ಟಡ್ ಅನ್ನೋ ಅಮೆರಿಕದ ಹೆಂಗಸು 1999ರಲ್ಲಿ ಗಿಡದ ಅಕ್ವೇರಿಯಮ್ಮಿನ ಬಗ್ಗೆ ಒಂದು ಪುಸ್ತಕ ಬರೆದಿದ್ದಾರೆ. ಸಿಲಿಂಡರಿನಿಂದ ಕಾರ್ಬನ್ ಡೈ ಆಕ್ಸೈಡ್ ಬಿಡೋದು, ದುಬಾರಿ ಗೊಬ್ಬರ ಹಾಕೋದು ಇಲ್ಲದೆ, ಸಾದಾ ತೋಟದ ಮಣ್ಣಿನಲ್ಲೇ ನೀರಿನ ಗಿಡ ಬೆಳೆಸಬಹುದು ಅನ್ನೋದು ಅವರ ದಾರಿ. ನಮಗೆ ಅದೇ ಸರಿ ಅನ್ನಿಸಿತು. ಕೆಮ್ಮಣ್ಣನ್ನ ಜರಡಿ ಹಿಡಿದು, ಬೇರು ಕಡ್ಡಿ ತೆಗೆದು, ಒಂದಿಂಚು ಹಾಸಿದ್ದಾಯ್ತು. ಮೇಲೆ ಒಂದೂವರೆ ಇಂಚು ಸಣ್ಣ ಜಲ್ಲಿ. ಜಲ್ಲಿಯಲ್ಲಿ ಸುಣ್ಣದ ಅಂಶ ಇದ್ದರೆ ನೀರು ಗಡುಸಾಗುತ್ತಾ ಹೋಗುತ್ತದೆ. ಅದನ್ನ ನೋಡೋದಕ್ಕೆ ಲ್ಯಾಬ್ ಏನೂ ಬೇಡ, ಒಂದು ಹಿಡಿ ಜಲ್ಲಿಗೆ ನಿಂಬೆಹಣ್ಣು ಹಿಂಡಿ. ಬುಸುಗುಟ್ಟಿ ನೊರೆ ಬಂದರೆ ಆ ಜಲ್ಲಿ ಬೇಡ.

ಇನ್ನು ನೀರು. ನಮ್ಮ ಕಟ್ಟಡಕ್ಕೆ ಬರೋದು ಕಾವೇರಿ. ತೊರೆಕಾಡನಹಳ್ಳಿಯಿಂದ ನೂರು ಕಿಲೋಮೀಟರ್ ಮೇಲೇರಿ ಬರುವ ನೀರು, ನಮಗೆ ಕಾಯಿಲೆ ಬಾರದಿರಲಿ ಅಂತ ಕ್ಲೋರಿನ್ ಹಾಕಿರುತ್ತಾರೆ. ಆದರೆ ಆ ಕ್ಲೋರಿನ್ ಮೀನಿಗೂ ಆಗದು, ನಾವು ಬೆಳೆಸಬೇಕೆಂದಿರುವ ಬ್ಯಾಕ್ಟೀರಿಯಾಗೂ ಆಗದು. ಅದಕ್ಕೆ ಹರಳುಪ್ಪಿನ ಥರದ್ದೊಂದು ಹರಳು ಸಿಗುತ್ತೆ, ಸೋಡಿಯಂ ಥಯೋಸಲ್ಫೇಟ್. ರೀಲ್ ಕ್ಯಾಮರಾದ ಕಾಲದ ಫೋಟೋ ಸ್ಟುಡಿಯೋದವರಿಗೆ ಇದು ಚೆನ್ನಾಗಿ ಗೊತ್ತು. ಕತ್ತಲೆಕೋಣೆಯಲ್ಲಿ 'ಹೈಪೋ' ಅಂತಿದ್ದರಲ್ಲ, ಅದೇ!

ಗಿಡ ತರುವ ದಿನ ಅಮ್ಮ ಮೊದಲ ಸಲ ತೊಟ್ಟಿಯ ಹತ್ತಿರ ಕುರ್ಚಿ ಎಳೆದುಕೊಂಡು ಕೂತಳು. ಹುಲ್ಲಿನಂತೆ ಉದ್ದಕ್ಕೆ ಬೆಳೆಯುವ ವ್ಯಾಲಿಸ್ನೇರಿಯಾ, ಕಲ್ಲಿಗೆ ದಾರದಲ್ಲಿ ಕಟ್ಟಬೇಕಾದ ಜಾವಾ ಫರ್ನ್, ಕ್ರಿಪ್ಟೊಕೊರೈನ್.. ಒಂದೊಂದೇ ಬಿಚ್ಚಿಡುತ್ತಿದ್ದೆ. ಅಂಗಡಿಯವನು 'ಬಕೋಪಾ' ಅಂತ ಬರೆದು ಕೊಟ್ಟಿದ್ದ ಕಟ್ಟು ಕೈಗೆತ್ತಿಕೊಂಡು ಅಮ್ಮ ಒಂದೆಲೆ ಹಿಸುಕಿ ಮೂಸಿದಳು. "ಇದು ನೀರುಬ್ರಾಹ್ಮಿ ಅಲ್ದಾ? ಗದ್ದೆ ಅಂಚಲ್ಲಿ ಬೇಕಾದಷ್ಟು ಇರ್ತದೆ. ಇದ್ಕೂ ದುಡ್ಡು ಕೊಟ್ಯಾ?" ಕೊಟ್ಟಿದ್ದೆ, ಏನು ಮಾಡ್ಲಿ :-) ತೇಲುವುದಕ್ಕೆ ಅಂತ ತಂದ ನಾಲ್ಕು ಅಂತರಗಂಗೆ ಗಿಡ ನೋಡಿ, "ಇದನ್ನ ಹದ್ದುಬಸ್ತಲ್ಲಿಡು, ಬಿಟ್ರೆ ಕೆರೆಯನ್ನೇ ನುಂಗ್ತದೆ" ಅಂತ ಎಚ್ಚರಿಸಿದಳು. ಅಷ್ಟು ಬೇಗ ಬೆಳೆಯುತ್ತದೆ ಅನ್ನೋದೇ ಅದರ ಗುಣ. ಬೆಳೆಯುವಾಗ ಅಮೋನಿಯವನ್ನೂ ನೈಟ್ರೇಟನ್ನೂ ಹೀರಿಕೊಳ್ಳುತ್ತದೆ. ವಾರಕ್ಕೊಮ್ಮೆ ಒಂದು ಹಿಡಿ ತೆಗೆದು ಕುಂಡದ ಮಣ್ಣಿಗೆ ಸೇರಿಸಿದರಾಯ್ತು.

ಹೊಸಬರಿಗೆ ಎರಡು ಮಾತು. ಜಾವಾ ಫರ್ನು, ಅನುಬಿಯಸ್ಸುಗಳ ಗೆಡ್ಡೆಯಂಥ ದಪ್ಪ ಬೇರನ್ನ ಜಲ್ಲಿಯೊಳಗೆ ಹೂಳಬೇಡಿ, ಕೊಳೆಯುತ್ತದೆ. ಕ್ರಿಪ್ಟೊಕೊರೈನ್ ನೆಟ್ಟ ವಾರದಲ್ಲೇ ಎಲೆಗಳೆಲ್ಲ ಕರಗಿ ಲೋಳೆಯಾದರೆ ಗಾಬರಿಯಾಗಿ ಕಿತ್ತು ಬಿಸಾಡಬೇಡಿ. ಜಾಗ ಬದಲಾಗಿದ್ದಕ್ಕೆ ಅದು ಮುನಿಸಿಕೊಳ್ಳೋದು ಹಾಗೆ, ಬೇರು ಜೀವಂತ ಇರುತ್ತೆ, ಮತ್ತೆ ಚಿಗುರುತ್ತೆ.

ಆಮೇಲೆ ಶುರುವಾಯ್ತು ಕಾಯುವ ಕೆಲಸ. ತೊಟ್ಟಿ ತುಂಬ ಗಿಡ, ಫಿಲ್ಟರ್ ಗುಳುಗುಳು ಅಂತಿದೆ, ದಿನಕ್ಕೆ ಎಂಟು ಗಂಟೆ ದೀಪ ಉರಿಯುತ್ತಿದೆ, ಮೀನು ಮಾತ್ರ ಇಲ್ಲ! ಬ್ಯಾಕ್ಟೀರಿಯಾಗೆ ತಿನ್ನೋಕೆ ಅಮೋನಿಯ ಬೇಕಲ್ಲ, ಅದಕ್ಕೆ ದಿನಾ ಒಂದು ಚಿಟಿಕೆ ಮೀನಿನ ಆಹಾರ ಹಾಕುತ್ತಿದ್ದೆ, ಅದು ಕೊಳೆತು ಅಮೋನಿಯ ಆಗಲಿ ಅಂತ. ಕೆಲಸದವಳು ಎರಡು ದಿನ ನೋಡಿ ಮೂರನೇ ದಿನ ಮೆಲ್ಲಗೆ ಅಮ್ಮನನ್ನ ಕೇಳಿದಳಂತೆ, "ಅಕ್ಕ ದಿನಾ ಖಾಲಿ ನೀರಿಗೆ ಊಟ ಹಾಕ್ತಾರಲ್ಲ, ಯಾಕಮ್ಮಾ?"

ಅಮ್ಮನಿಗೂ ಅದು ಅರ್ಥವಾಗಿರಲಿಲ್ಲ. ಹನ್ನೆರಡನೇ ದಿನ, ವರ್ಷಗಳಿಂದ ಮೀನು ಸಾಕಿರುವ ಗೆಳತಿಯೊಬ್ಬಳು ತನ್ನ ಫಿಲ್ಟರಿನ ಹಳೇ ಸ್ಪಂಜಿನಲ್ಲಿ ಒಂದು ತುಂಡು ಕತ್ತರಿಸಿ, ಅದೇ ನೀರಲ್ಲಿ ಮುಳುಗಿಸಿ, ಡಬ್ಬಿಯಲ್ಲಿ ತಂದುಕೊಟ್ಟಳು. ಕಂದು ಬಣ್ಣಕ್ಕೆ ತಿರುಗಿದ ಕೊಳಕು ಸ್ಪಂಜು. ಅದನ್ನ ನಾನು ಬಂಗಾರದ ಹಾಗೆ ಹಿಡಿದು ನಮ್ಮ ಫಿಲ್ಟರಿಗೆ ಸೇರಿಸುವುದನ್ನ ನೋಡುತ್ತಿದ್ದ ಅಮ್ಮ, "ಎಂಥದು ಅದು?" ಅಂದಳು. ಅದರಲ್ಲಿ ಬ್ಯಾಕ್ಟೀರಿಯಾ ಇದೆ, ನಮ್ಮ ನೀರಲ್ಲಿ ಬೆಳೆದು ನೀರನ್ನ ಹದ ಮಾಡುತ್ತೆ ಅಂದೆ.

"ಹಂಗೆ ಹೇಳು ಮತ್ತೆ! ಹೆಪ್ಪು ಹಾಕಿದ್ದು".

ಅಷ್ಟೇ. ನಾನು ಹನ್ನೆರಡು ದಿನ ಚಿತ್ರ ಬರೆದು ವಿವರಿಸಿದ್ದನ್ನ ಅಮ್ಮ ಒಂದೇ ಶಬ್ದದಲ್ಲಿ ಮುಗಿಸಿಬಿಟ್ಟಳು. ಆ ದಿನದಿಂದ ಅವಳ ಪಕ್ಷವೇ ಬದಲು. ಮಗಳು "ನಾಳೆ ಮೀನು ತರೋಣ್ವಾ?" ಅಂದರೆ ನಾನು ಬಾಯಿ ಬಿಡುವ ಮುಂಚೆ ಅಮ್ಮನೇ, "ಹೆಪ್ಪು ಕೂತಿಲ್ಲ ಪುಟ್ಟಿ. ಅಲ್ಲಾಡಿಸ್ತಾ ಇದ್ರೆ ಮೊಸರಾಗ್ತದಾ?" ಅಂತಿದ್ದಳು.

ದಿನ ಬಿಟ್ಟು ದಿನ ಸಣ್ಣ ಗಾಜಿನ ನಳಿಗೆಯಲ್ಲಿ ನೀರು ತೆಗೆದು, ಹನಿ ಹಾಕಿ ಪರೀಕ್ಷೆ ಮಾಡುವುದು ಮಗಳ ಕೆಲಸ. ಅಮೋನಿಯ ಇಲ್ಲದಿದ್ದರೆ ಹಳದಿ, ಇದ್ದರೆ ಹಸಿರು. ಗೋಡೆಯ ಕ್ಯಾಲೆಂಡರಿನಲ್ಲಿ ಬಣ್ಣದ ಪೆನ್ಸಿಲ್ಲಿನಿಂದ ಚುಕ್ಕೆ ಇಡುತ್ತಿದ್ದಳು. ಮೊದಲ ವಾರಗಳೆಲ್ಲ ಹಸಿರು. ಆಮೇಲೆ ಹಸಿರು ತೆಳುವಾಗುತ್ತಾ, ಇತ್ತ ನೈಟ್ರೈಟಿನ ನಳಿಗೆ ನೇರಳೆಯಾಗುತ್ತಾ ಬಂತು. ಮೂವತ್ತನಾಲ್ಕನೇ ದಿನ ಬೆಳಗ್ಗೆ ಅಮೋನಿಯ ಹಳದಿ, ನೈಟ್ರೈಟ್ ತಿಳಿನೀಲಿ. ಎರಡೂ ಸೊನ್ನೆ! "ಅಮ್ಮಮ್ಮಾ, ಮೊಸರಾಯ್ತು!" ಅಂತ ಮನೆಯೆಲ್ಲ ಕುಣಿದಾಡಿದಳು. ಈ ಖುಷಿ ಆ ಗುಂಡನೆಯ ಬೋಗುಣಿಯಲ್ಲಿ ಸಿಗುತ್ತಿತ್ತಾ?

ಇನ್ನು ಯಾವ ಮೀನು? ಇಲ್ಲೂ ಒಂದು ಪಂಚಾಯ್ತಿ ನಡೆಯಿತು. ಅಂಗಡಿಯಲ್ಲಿ ನಮ್ಮೆದುರಿಗೆ ಸಾಲಾಗಿ ಬಂದದ್ದು ಗೋಲ್ಡ್‌ಫಿಶ್, ಏಂಜೆಲ್, ಫ್ಲವರ್‌ಹಾರ್ನ್, 'ಟ್ಯಾಂಕ್ ಕ್ಲೀನ್ ಮಾಡುತ್ತೆ ಮೇಡಂ' ಅಂತ ಒಂದು ಸಕರ್ ಮೀನು. ಗೋಲ್ಡ್‌ಫಿಶ್ ತಣ್ಣೀರಿನದ್ದು, ಗಲೀಜು ಜಾಸ್ತಿ, ಗಿಡವನ್ನೂ ಮೇಯುತ್ತದೆ. ಏಂಜೆಲ್ ದೊಡ್ಡದಾದ ಮೇಲೆ ಬಾಯಿಗೆ ಹಿಡಿಯುವ ಸಣ್ಣ ಮೀನನ್ನ ಬಿಡುವುದಿಲ್ಲ. ಫ್ಲವರ್‌ಹಾರ್ನ್ ಯಾರ ಜೊತೆಯೂ ಬಾಳುವ ಪೈಕಿ ಅಲ್ಲ. ಸಕರ್ ಇದೆಯಲ್ಲ, ಬೆರಳುದ್ದ ಇದ್ದದ್ದು ಒಂದಡಿಗಿಂತ ಮೇಲೆ ಬೆಳೆಯುತ್ತದೆ. ಆಗ ಜನ ಏನು ಮಾಡ್ತಾರೆ? ಪುಣ್ಯ ಬರಲಿ ಅಂತ ಹತ್ತಿರದ ಕೆರೆಗೆ ಬಿಡ್ತಾರೆ. ದಕ್ಷಿಣ ಅಮೆರಿಕದ ಆ ಮೀನು ಈಗ ನಮ್ಮ ದೇಶದ ಎಷ್ಟೋ ಕೆರೆ ಹೊಳೆಗಳಲ್ಲಿ ಬೇರೂರಿ, ಊರ ಮೀನುಗಳ ಅನ್ನ ಕಸಿಯುತ್ತಿದೆ. ಬೆಸ್ತರ ಬಲೆ ಹರಿಯುತ್ತಿದೆ. ದಯವಿಟ್ಟು ಇದೊಂದು ನೆನಪಿಡಿ, ತೊಟ್ಟಿಯ ಮೀನನ್ನೂ ಗಿಡವನ್ನೂ ಕೆರೆಗೆ ಬಿಡಬೇಡಿ. ಸಾಕಲು ಆಗದಿದ್ದರೆ ಸಾಕುವವರಿಗೆ ಕೊಡಿ.

ಒಟ್ಟಿಗೆ ಬಾಳುವ ಮೀನು ಅಂದರೆ ಒಂದೇ ಥರದ ನೀರು ಒಗ್ಗಬೇಕು, ಒಂದರ ಬಾಯಿಗೆ ಇನ್ನೊಂದು ಹಿಡಿಸಬಾರದು, ತೊಟ್ಟಿಯ ಬೇರೆ ಬೇರೆ ಅಂತಸ್ತಿನಲ್ಲಿ ಓಡಾಡುವಂಥವು ಇದ್ದರೆ ಒಳ್ಳೆಯದು. ಮೊದಲು ಗಟ್ಟಿಜೀವ ಬೇಕು ಅಂತ ಎಂಟು ಜೀಬ್ರಾ ಡಾನಿಯೊ ತಂದೆವು. ಅಂದ ಹಾಗೆ ಇದು ನಮ್ಮ ದೇಶದ್ದೇ ಮೀನು. 1799ರಲ್ಲಿ ಟಿಪ್ಪು ಸತ್ತ ಮರುವರ್ಷ ಮೈಸೂರು ಸೀಮೆ, ಕೆನರಾ, ಮಲಬಾರನ್ನೆಲ್ಲ ಸುತ್ತಿ ಬರೆದಿಟ್ಟ ಫ್ರಾನ್ಸಿಸ್ ಬುಕನನ್ ಗೊತ್ತಲ್ಲ? ಆಮೇಲೆ ಹ್ಯಾಮಿಲ್ಟನ್ ಅಂತ ಹೆಸರು ಬದಲಿಸಿಕೊಂಡ ಆತನೇ 1822ರಲ್ಲಿ ಗಂಗಾ ಸೀಮೆಯ ಮೀನುಗಳ ಪುಸ್ತಕದಲ್ಲಿ ಈ ಪಟ್ಟೆ ಮೀನಿಗೂ ಹೆಸರಿಟ್ಟವನು. ಇವತ್ತು ಜಗತ್ತಿನ ಜೀವವಿಜ್ಞಾನದ ಲ್ಯಾಬುಗಳಲ್ಲೆಲ್ಲ ಇದೇ ಮೀನು, ನಮ್ಮ ಬೆಂಗಳೂರಿನ ಎನ್‌ಸಿಬಿಎಸ್‌ನಲ್ಲೂ.

ಎರಡು ವಾರ ಬಿಟ್ಟು, ನೀರು ಮತ್ತೆ ಪರೀಕ್ಷೆ ಮಾಡಿ, ತಳದಲ್ಲಿ ಮೂಗು ತೂರಿಸುತ್ತಾ ಓಡಾಡುವ ಆರು ಕೋರಿಡೊರಾಸ್. ಇನ್ನೆರಡು ವಾರಕ್ಕೆ ಹತ್ತು ನಿಯಾನ್ ಟೆಟ್ರಾ. ಕೊನೆಗೆ ಒಂದು ಜೊತೆ ಹನಿ ಗೌರಾಮಿ, ಇದಕ್ಕೂ ಹೆಸರಿಟ್ಟವನು ಅದೇ ಹ್ಯಾಮಿಲ್ಟನ್. ಒಟ್ಟು ಇಪ್ಪತ್ತಾರು, ಆದರೆ ಒಂದೇ ದಿನ ಅಲ್ಲ. ಪ್ರತಿಸಲವೂ ಚೀಲವನ್ನ ಇಪ್ಪತ್ತು ನಿಮಿಷ ತೊಟ್ಟಿಯಲ್ಲೇ ತೇಲಿಬಿಟ್ಟು, ನಮ್ಮ ನೀರನ್ನ ಸ್ವಲ್ಪ ಸ್ವಲ್ಪವೇ ಬೆರೆಸಿ, ಆಮೇಲೆ ಮೀನನ್ನಷ್ಟೇ ಬಲೆಯಲ್ಲಿ ಎತ್ತಿ ಬಿಡುವುದು. ಅಂಗಡಿಯ ನೀರು ಬಚ್ಚಲಿಗೆ.

ಕೆಂಪು-ಕಪ್ಪು ಗೆರೆಯ 'ಮಿಸ್ ಕೇರಳ' ಮೀನಿಗೆ ಮಗಳು ಬಹಳ ಆಸೆಪಟ್ಟಳು. ಅದು ನಮ್ಮ ಪಶ್ಚಿಮಘಟ್ಟದ ಕೆಲವೇ ಹೊಳೆಗಳ ಮೀನು. 2013ರಲ್ಲಿ ಅದರ ಕುಲಕ್ಕೆ ಸಹ್ಯಾದ್ರಿಯಾ ಅಂತಲೇ ಹೆಸರಿಟ್ಟಿದ್ದಾರೆ. ಚೆಂದ ಇದ್ದದ್ದೇ ಅದಕ್ಕೆ ಮುಳುವಾಯ್ತು, ಹೊಳೆಯಿಂದ ಹಿಡಿಹಿಡಿದು ಪರದೇಶಕ್ಕೆ ಕಳಿಸಿ, ಈಗ ಅಳಿವಿನಂಚಿನ ಪಟ್ಟಿಯಲ್ಲಿದೆ. "ಇದು ಹೊಳೇಲೇ ಇರ್ಲಿ, ನಾವೇ ಒಂದಿನ ಹೋಗಿ ನೋಡೋಣ" ಅಂದೆ. ಅಮ್ಮ ಏನೂ ಹೇಳಲಿಲ್ಲ, ಆದರೆ ನನ್ನ ಕಡೆ ನೋಡಿದ ನೋಟದಲ್ಲಿ ಒಂದು ಮಾರ್ಕು ಸಿಕ್ಕಿತು ಅನ್ನಿಸಿತು.

ಊಟ ದಿನಕ್ಕೊಂದೇ ಸಲ, ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು. ಶನಿವಾರ ಉಪವಾಸ. (ಅಮ್ಮನಿಗೆ ಈ ನಿಯಮ ಬಹಳ ಇಷ್ಟವಾಯ್ತು. ಅವಳದ್ದೂ ಶನಿವಾರ ಒಪ್ಪೊತ್ತು!) ವಾರಕ್ಕೊಮ್ಮೆ ಎರಡು ಬಕೆಟ್ ನೀರು ತೆಗೆದು ಹೊಸ ನೀರು. ತೆಗೆದ ನೀರು ಚರಂಡಿಗಲ್ಲ, ಬಾಲ್ಕನಿಯ ದಾಸವಾಳ, ಕರಿಬೇವು, ಮೆಣಸಿನ ಗಿಡಕ್ಕೆ. ನೈಟ್ರೇಟ್ ಇರುವ ನೀರಲ್ವಾ, ಕರಿಬೇವು ಹಿಂದೆಂದೂ ಹೀಗೆ ಚಿಗುರಿರಲಿಲ್ಲ. ಹೇಗೂ ಕುಂಡಗಳಿಗೆ ಹಾಕಬೇಕಾದ ನೀರು, ದಾರಿಯಲ್ಲಿ ಒಂದು ವಾರ ಮೀನಿನ ಮನೆಯಲ್ಲಿ ಉಳಿದು ಹೋಗುತ್ತದೆ, ಅಷ್ಟೇ. ಅಮ್ಮನ ಟ್ಯಾಂಕರ್ ಪ್ರಶ್ನೆಗೆ ನನ್ನ ಉತ್ತರ ಇದು. ಸ್ಪಂಜು ತೊಳೆಯೋದೂ ಈ ತೆಗೆದ ನೀರಿನಲ್ಲೇ. ನಲ್ಲಿಗೆ ಹಿಡಿದರೆ ಕ್ಲೋರಿನ್ನಿಗೆ ಹೆಪ್ಪೆಲ್ಲ ಸತ್ತು ಹೋಗುತ್ತದೆ.

ನಿಯಾನ್ ಬಂದ ಮೂರನೇ ವಾರ ಒಂದು ಮೀನು ಸತ್ತಿತು. ಬೆಳಗ್ಗೆ ಮಗಳೇ ನೋಡಿದಳು. ಅಳಲಿಲ್ಲ. ತಾನೇ ಹೋಗಿ ನಳಿಗೆ ತಂದು ನೀರು ಪರೀಕ್ಷೆ ಮಾಡಿದಳು. ಹಳದಿ. ನೈಟ್ರೈಟ್ ತಿಳಿನೀಲಿ. ಉಳಿದ ಒಂಬತ್ತೂ ಗುಂಪಾಗಿ ಓಡಾಡಿಕೊಂಡಿದ್ದವು. ಮೈಮೇಲೆ ಬಿಳಿ ಚುಕ್ಕೆಯಿಲ್ಲ, ರೆಕ್ಕೆ ಮುದುಡಿಲ್ಲ. ಆಮೇಲೆ ನನ್ನ ಕಡೆ ತಿರುಗಿ ಕೇಳಿದಳು, "ನಾವು ಏನಾದ್ರೂ ಕಮ್ಮಿ ಮಾಡಿದ್ವಾ ಅಮ್ಮಾ?"

ಇಲ್ಲ ಅಂದೆ. ಆ 'ಇಲ್ಲ' ಅನ್ನೋಕೆ ನನ್ನ ಹತ್ತಿರ ಮೂವತ್ತನಾಲ್ಕು ದಿನಗಳ ಚುಕ್ಕೆಗಳಿದ್ದವು. ಆಗ ಅತ್ತಳು, ಅಜ್ಜಿಯ ಮಡಿಲಲ್ಲಿ. ದಾಸವಾಳದ ಕುಂಡದಲ್ಲಿ ಹುಗಿದೆವು. 'ಬೇರೆ ತರೋಣ' ಅಂತ ಯಾರೂ ಅನ್ನಲಿಲ್ಲ. ಸಾವು ಬಂದೇ ಬರುತ್ತೆ, ಅದನ್ನ ತಪ್ಪಿಸೋಕೆ ನಾವ್ಯಾರು? ಆದರೆ ನಮ್ಮ ಕೈಲಾದದ್ದನ್ನ ಮಾಡಿದ ಮೇಲೆ ಬರುವ ಸಾವಿಗೂ, ಏನೂ ಮಾಡದೆ 'ಮೀನು ಅಂದ್ರೆ ಅಷ್ಟೇ' ಅಂದುಬಿಡೋದಕ್ಕೂ ಅಜಗಜಾಂತರ. ಅದು ಎಂಟು ವರ್ಷದ ಹುಡುಗಿಗೆ ಗೊತ್ತಾಯ್ತಲ್ಲ, ನನಗೆ ಅಷ್ಟು ಸಾಕು.

ಅಮ್ಮ ಊರಿಗೆ ಹೋಗಿದ್ದಾಳೆ. ಗಾಜಿನೊಳಗೆ ಕೂಡಿ ಹಾಕುವುದು ಸರಿಯಾ ಅನ್ನೋ ಅವಳ ಮೊದಲ ಪ್ರಶ್ನೆಯನ್ನ ಅವಳು ವಾಪಸ್ ತೆಗೆದುಕೊಂಡಿಲ್ಲ, ನನಗೂ ಅದಕ್ಕೆ ಪೂರ್ತಿ ಉತ್ತರ ಸಿಕ್ಕಿಲ್ಲ. ತೊಟ್ಟಿ ಎಷ್ಟು ಚೆನ್ನಾಗಿದ್ದರೂ ತುಂಗೆ ಆಗಲ್ಲ, ಒಪ್ತೀನಿ. ಆದರೂ ಫೋನ್ ಮಾಡಿದಾಗ ನಮ್ಮೆಲ್ಲರ ಯೋಗಕ್ಷೇಮ ಮುಗಿದ ಮೇಲೆ, "ಮೀನು ಹ್ಯಾಂಗಿದಾವೆ? ಅಂತರಗಂಗೆ ಕಿತ್ತು ಹಾಕ್ತಿದೀಯಾ ಇಲ್ವಾ?" ಅಂತ ಕೇಳದೆ ಇಡುವುದಿಲ್ಲ.

ನಿಮ್ಮಲ್ಲಿ ಯಾರ ಮನೆಯಲ್ಲಾದರೂ ಗಿಡದ ತೊಟ್ಟಿ ಇದ್ದರೆ, ಯಾವ ಗಿಡ ಹಾಕಿದ್ದೀರಿ, ಪಾಚಿಯ ಜೊತೆ ಹೇಗೆ ಏಗ್ತಿದ್ದೀರಿ, ಬರೆಯಿರಿ. ಹೊಸದಾಗಿ ಶುರು ಮಾಡೋರು ಇದ್ದರೆ ಮೊದಲು ಮೀನು ತರಬೇಡಿ. ಬೆಂಗಳೂರಿನಲ್ಲೇ ಇದ್ದೀರಾದರೆ ಒಂದು ಡಬ್ಬಿ ಹಿಡಿದು ನಮ್ಮನೆಗೆ ಬನ್ನಿ. ಕಾಫಿ ಕುಡಿದು, ಒಂದು ತುಂಡು ಸ್ಪಂಜು ತೊಗೊಂಡು ಹೋಗಿ. ಹೆಪ್ಪು ಕೇಳಿ ಬಂದವರನ್ನ ಬರಿಗೈಲಿ ಕಳಿಸೋ ಪದ್ಧತಿ ನಮ್ಮ ಕಡೆ ಇಲ್ಲ :-)